ನೋಟ್‌ಬುಕ್ ಮೊದಲು, ಸರ್ಟಿಫಿಕೇಟ್ ಆಮೇಲೆ: ಬೆಂಗಳೂರಿನ ಶಿಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಬೀರುವಿನಲ್ಲಿ ಒಂದು ನೀಲಿ ಫೈಲ್ ಇದೆ. 17 ವರ್ಷ ಪಾಠ ಮಾಡುತ್ತಾ ಸೇರಿಸಿದ ಸರ್ಟಿಫಿಕೇಟುಗಳೆಲ್ಲ ಅದರೊಳಗಿವೆ. ಒಂದು ಬೇಸಿಗೆ ರಜೆಯಲ್ಲಿ ಅದನ್ನು ಹಾಸಿಗೆ ಮೇಲೆ ಸುರಿದು ಎಣಿಸಿದೆ. 23 ಇದ್ದವು. ಒಂದೊಂದನ್ನೇ ಕೈಗೆತ್ತಿಕೊಂಡು, ಇದರಿಂದ ನನ್ನ ಪಾಠದಲ್ಲಿ ಏನು ಬದಲಾಯಿತು ಎಂದು ಕೇಳಿಕೊಂಡೆ. ಮೂರಕ್ಕೆ ಉತ್ತರ ಸಿಕ್ಕಿತು. ಉಳಿದ 20ರಲ್ಲಿ ಒಂದಂತೂ ಮರೆಯುವ ಹಾಗಿಲ್ಲ. ಎರಡು ದಿನದ ಆನ್‌ಲೈನ್ ತರಬೇತಿ, 6,000 ರೂಪಾಯಿ, ದೊಡ್ಡ ಚಿನ್ನದ ಬಣ್ಣದ ಮುದ್ರೆ. ನನ್ನ ಹೆಸರೇ ತಪ್ಪಾಗಿತ್ತು. ತಿದ್ದಿಸಿಕೊಳ್ಳೋಣ ಎಂದು ಫೋನ್ ಮಾಡಿದರೆ ಆ ನಂಬರೇ ಇಲ್ಲ. ಕಂಪನಿಯ ಹೆಸರು ಬಿಡಿ, ಅದು ಈಗ ಇದ್ದಹಾಗೂ ಇಲ್ಲ.

ಆ ಮಧ್ಯಾಹ್ನ ಹೊಳೆದದ್ದು ಇಷ್ಟೇ. ನಾನು ಪ್ರತಿಸಲ ಕೋರ್ಸನ್ನು ಮೊದಲು ಹುಡುಕಿದ್ದೆ, ನನಗೆ ಏನು ಕಲಿಯಬೇಕಿದೆ ಎಂದು ಆಮೇಲೂ ಕೇಳಿಕೊಂಡಿರಲಿಲ್ಲ. ಅದನ್ನು ತಿರುಗಿಸಿ ಮಾಡಿ ನೋಡಿದೆ. ಒಂದು ಶೈಕ್ಷಣಿಕ ವರ್ಷ ಹಿಡಿಯಿತು. ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ರಾಜಾಜಿನಗರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಗೆಳತಿಯರಿಂದ ತಿಳಿದದ್ದನ್ನೂ ಸೇರಿಸಿದ್ದೇನೆ. ಈಗಷ್ಟೇ ಬಿ.ಎಡ್. ಮುಗಿಸಿ ಸೇರಿದವರು ಎರಡು ವರ್ಷ ಕಾದು ಇದನ್ನು ಓದಿದರೂ ನಷ್ಟವಿಲ್ಲ. ಆ ಎರಡು ವರ್ಷ ತರಗತಿಯಲ್ಲಿ ಗಟ್ಟಿಯಾಗಿ ನಿಂತುಕೊಳ್ಳುವುದೇ ದೊಡ್ಡ ಕೋರ್ಸು.

ಹೆಜ್ಜೆ 1: ದಿನಕ್ಕೆ ಹತ್ತು ನಿಮಿಷದ ನೋಟ್‌ಬುಕ್

ಜೂನ್‌ನಲ್ಲಿ ಶಾಲೆ ಶುರುವಾದಾಗಲೇ 200 ಪುಟದ ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಪಾಠ ಯೋಜನೆಯ ಪುಸ್ತಕವೇ ಇದೆಯಲ್ಲ ಅನ್ನಬೇಡಿ. ಅದು ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರು, ಸಹಿ ಹಾಕುವ ಪುಸ್ತಕ. ಅಲ್ಲಿ ನಾವೆಲ್ಲ "ಉದ್ದೇಶ ಈಡೇರಿದೆ" ಎಂದೇ ಬರೆಯುತ್ತೇವೆ, ಅಲ್ವಾ? ಈ ನೋಟ್‌ಬುಕ್ಕನ್ನು ಯಾರೂ ನೋಡಬಾರದು. ಯಾರಾದರೂ ನೋಡುತ್ತಾರೆ ಅನ್ನುವ ಅನುಮಾನ ಬಂದ ಕೂಡಲೇ ಪೆನ್ನು ಸುಳ್ಳು ಹೇಳಲು ಶುರು ಮಾಡುತ್ತದೆ.

ದಿನಕ್ಕೆ ಒಂದೇ ಪೀರಿಯಡ್ ಆರಿಸಿಕೊಳ್ಳಿ. ಎಲ್ಲ ಆರು ಪೀರಿಯಡ್ ಬರೆಯಲು ಹೋದರೆ ವಾರಕ್ಕೇ ಬಿಟ್ಟುಬಿಡುತ್ತೀರಿ. ಮೂರು ಪ್ರಶ್ನೆ ಸಾಕು: ಏನಾಯಿತು? ಯಾಕೆ ಹಾಗಾಯಿತು? ನಾಳೆ ಏನು ಬೇರೆ ಮಾಡುತ್ತೇನೆ?

ನಾನು ಬರೆಯುವುದು ಸಂಜೆ ಮೆಟ್ರೊದಲ್ಲಿ. ರಾಜಾಜಿನಗರದಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ, ವಿಜಯನಗರದಲ್ಲಿ ಇಳಿಯುತ್ತೇನೆ. ಸೀಟು ಸಿಗದ ದಿನ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಮನೆಗೆ ಹೋಗಿ ಬರೆಯೋಣ ಅಂದುಕೊಂಡ ಒಂದು ದಿನವೂ ಬರೆದಿಲ್ಲ. ಮನೆಯಲ್ಲಿ ಕುಕ್ಕರ್ ಕಾಯುತ್ತಿರುತ್ತದೆ.

ಮೊದಲ ವಾರ ನಾನು ಬರೆದದ್ದು ಹೀಗಿತ್ತು: "ಆರನೇ ತರಗತಿ. ಭಿನ್ನರಾಶಿ. ಮಕ್ಕಳಿಗೆ ಸರಿಯಾಗಿ ಅರ್ಥವಾಗಲಿಲ್ಲ. ಇನ್ನೊಮ್ಮೆ ಮಾಡಬೇಕು."

ಇದರಲ್ಲಿ ಏನೂ ಇಲ್ಲ. ಯಾವ ಮಕ್ಕಳಿಗೆ? ಏನು ಅರ್ಥವಾಗಲಿಲ್ಲ? ಇನ್ನೊಮ್ಮೆ ಅದನ್ನೇ ಮಾಡಿದರೆ ಬೇರೆ ಏನಾಗುತ್ತದೆ? ಹತ್ತು ದಿನದ ನಂತರ ಅದೇ ವಿಷಯವನ್ನು ಹೀಗೆ ಬರೆದೆ:

"ಆರನೇ ಒಂದು ಭಾಗ ದೊಡ್ಡದೋ ಎಂಟನೇ ಒಂದು ಭಾಗ ದೊಡ್ಡದೋ ಎಂದು ಕೇಳಿದೆ. ಮೂರನೇ ಬೆಂಚಿನ ಹುಡುಗ ಎಂಟನೇ ಒಂದು ಅಂದ. ಯಾಕೆ ಅಂದರೆ, ಆರಕ್ಕಿಂತ ಎಂಟು ದೊಡ್ಡದಲ್ವಾ ಮಿಸ್ ಅಂದ. ಕಾಗದದ ಚಕ್ರ ಕತ್ತರಿಸಿ ತೋರಿಸಿದೆ. ಹೂಂ ಅಂದ. ಇವತ್ತು ಏಳನೇ ಒಂದು, ಒಂಬತ್ತನೇ ಒಂದು ಕೊಟ್ಟರೆ ಮತ್ತೆ ಒಂಬತ್ತನೇ ಒಂದು ದೊಡ್ಡದು ಅಂದ. ಅವನು ಛೇದವನ್ನು ಮಾತ್ರ ಓದುತ್ತಿದ್ದಾನೆ, ಅದೂ ಪೂರ್ಣ ಸಂಖ್ಯೆಯ ಹಾಗೆ. ಕಾಗದ ಕತ್ತರಿಸಿದ್ದು ನಾನು. ಅವನು ಸುಮ್ನೆ ನೋಡಿದ."

ಆ ಕೊನೆಯ ಎರಡು ವಾಕ್ಯ ಬರೆಯುವಾಗ ನನಗೇ ಗೊತ್ತಿರಲಿಲ್ಲ, ಅಲ್ಲೇ ವಿಷಯ ಇದೆ ಅಂತ. ಆ ಹುಡುಗನ ಅಮ್ಮ ಹೂವು ಮಾರುತ್ತಾರೆ. ಮರುದಿನ ಒಂದು ಮೊಳ ಉದ್ದದ ದಾರ ಅವನ ಕೈಗೇ ಕೊಟ್ಟೆ. ಈ ಒಂದು ಮೊಳ ಹೂವನ್ನು ಆರು ಜನಕ್ಕೆ ಹಂಚು, ಆಮೇಲೆ ಎಂಟು ಜನಕ್ಕೆ ಹಂಚು ಅಂದೆ. ದಾರ ಮಡಚುವ ಮೊದಲೇ ನಕ್ಕ. "ಎಂಟು ಜನ ಬಂದ್ರೆ ಎಲ್ರಿಗೂ ಕಮ್ಮಿ ಬರುತ್ತೆ ಮಿಸ್."

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಮ್ಮ ಅಜ್ಜಿಯರು ಎಂಟನೇ ಒಂದು ಭಾಗಕ್ಕೆ ಅರೆಕಾಲು ಅನ್ನುತ್ತಿದ್ದರು. ಕಾಲಿನ ಅರ್ಧ ಎಂದು ಪದವೇ ಹೇಳುತ್ತದೆ. ಅದು ಕಾಲಿಗಿಂತ ಚಿಕ್ಕದು ಎಂದು ಬೇರೆ ಕಲಿಸಬೇಕಾಗಿಯೇ ಇಲ್ಲ. ಇಂಗ್ಲಿಷ್ ಮೀಡಿಯಂ ತರಗತಿಯಲ್ಲಿ ಆ ಪದವನ್ನು ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನ ಮೂವರು ಎದ್ದು ಕೂತರು. ಇದು ಯಾವ ತರಬೇತಿಯಲ್ಲೂ ಬಂದದ್ದಲ್ಲ, ನೋಟ್‌ಬುಕ್ಕಿನಿಂದ ಬಂದದ್ದು.

ನೋಟ್‌ಬುಕ್ಕಿಗೆ ಒಂದೇ ನಿಯಮ: ಮಗು ಹೇಳಿದ ಮಾತನ್ನು ಅದು ಹೇಳಿದ ಹಾಗೆಯೇ ಬರೆಯಿರಿ. ಅವನಿಗೆ ಪರಿಕಲ್ಪನೆ ಸ್ಪಷ್ಟವಿಲ್ಲ ಎಂದು ಬರೆದರೆ ಆರು ತಿಂಗಳ ಮೇಲೆ ಓದಿದಾಗ ನಿಮಗೇ ಏನೂ ನೆನಪಾಗುವುದಿಲ್ಲ.

ಹೆಜ್ಜೆ 2: ಎರಡು ತಿಂಗಳ ಮೇಲೆ ಓದಿ, ಒಂದು ಪ್ರಶ್ನೆ ಹೆಕ್ಕಿ

ಆಗಸ್ಟ್‌ನಲ್ಲಿ ಒಂದು ಭಾನುವಾರ ಕೂತು ಎಲ್ಲ ಪುಟ ಓದಿ. ಕೆಂಪು ಪೆನ್ನಿನಲ್ಲಿ ಮತ್ತೆ ಮತ್ತೆ ಬಂದದ್ದಕ್ಕೆ ಸುತ್ತು ಹಾಕಿ. ನನ್ನ ಪುಸ್ತಕದಲ್ಲಿ ಮೂರು ಸುತ್ತು ಬಂದವು: ನಾನೇ ಮಾಡಿ ತೋರಿಸುವುದು, ಹಿಂದಿನ ಬೆಂಚು, ಮತ್ತು ಶುಕ್ರವಾರದ ಕೊನೆಯ ಪೀರಿಯಡ್. ಮೂರನೆಯದಕ್ಕೆ ಮದ್ದಿಲ್ಲ.

ಸುತ್ತು ಹಾಕಿದ್ದರಲ್ಲಿ ಒಂದನ್ನು ಪ್ರಶ್ನೆ ಮಾಡಿ. ಒಳ್ಳೆಯ ಶಿಕ್ಷಕಿ ಆಗುವುದು ಹೇಗೆ ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ವಸ್ತುಗಳನ್ನು ಮಕ್ಕಳ ಕೈಗೇ ಕೊಟ್ಟರೆ ಭಿನ್ನರಾಶಿಯನ್ನು ಹೋಲಿಸುವಾಗ ಆಗುವ ತಪ್ಪು ಕಡಿಮೆಯಾಗುತ್ತದೆಯೇ ಅನ್ನುವುದಕ್ಕೆ ಸಿಗುತ್ತದೆ. ಪ್ರಶ್ನೆಯಲ್ಲಿ ನೀವು ಮಾಡುವ ಕೆಲಸ ಒಂದಿರಬೇಕು, ಮಕ್ಕಳಲ್ಲಿ ನೋಡಬಹುದಾದ ಬದಲಾವಣೆ ಒಂದಿರಬೇಕು. ಮುಂದೆ ಕೋರ್ಸ್ ಆರಿಸುವಾಗ ಈ ಪ್ರಶ್ನೆಯೇ ಜರಡಿ.

ಹೆಜ್ಜೆ 3: ನಿಮ್ಮ ಪಾಠವನ್ನು ನೀವೇ ವಿಡಿಯೊ ಮಾಡಿ ನೋಡಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಯಾಕೆಂದರೆ ನಮ್ಮ ದನಿ ನಮಗೇ ಹಿಡಿಸುವುದಿಲ್ಲ.

ಮೊದಲು ಅನುಮತಿ. ಮುಖ್ಯ ಶಿಕ್ಷಕರನ್ನು ಕೇಳಿ, ಪೋಷಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಬೇರೆಯವರ ಮಗುವಿನ ಮುಖ ನಮ್ಮ ಫೋನಿನಲ್ಲಿ ಇರುವುದು ಸಣ್ಣ ಮಾತಲ್ಲ. ಒಪ್ಪದವರ ಮಕ್ಕಳನ್ನು ಕ್ಯಾಮೆರಾ ಹಿಂದೆ ಕೂರಿಸಿ. ವಿಡಿಯೊವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ನೋಡಿ ಮುಗಿದ ಮೇಲೆ ಅಳಿಸಿಬಿಡಿ.

ಫೋನನ್ನು ಹಿಂದಿನ ಕಪಾಟಿನ ಮೇಲೆ ಎರಡು ಡಿಕ್ಷನರಿಗಳ ನಡುವೆ ಸಿಕ್ಕಿಸಿ ಇಟ್ಟರೆ ಸಾಕು. ಮೊದಲ ದಿನ ಮಕ್ಕಳು ಕ್ಯಾಮೆರಾಗೆ ಕೈ ಬೀಸುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ದಿನದ ವಿಡಿಯೊ ನೋಡಿ.

ನೋಡುವಾಗ "ಚೆನ್ನಾಗಿ ಬಂದಿದೆ, ಚೆನ್ನಾಗಿಲ್ಲ" ಅನ್ನುವುದು ಬೇಡ. ಎಣಿಸಿ. ನಾನು ಎಣಿಸಿದ್ದು ಇವು. 40 ನಿಮಿಷದಲ್ಲಿ 31 ಸಲ "ಅರ್ಥ ಆಯ್ತಾ?" ಅಂದಿದ್ದೆ. 31 ಸಲವೂ "ಯೆಸ್ ಮಿಸ್" ಎಂದು ಉತ್ತರ ಬಂದಿತ್ತು. ಕಿಟಕಿ ಪಕ್ಕದ ಸಾಲಿನ ಒಬ್ಬ ಮಗುವನ್ನೂ ಹೆಸರು ಹಿಡಿದು ಕರೆದಿರಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದೆ ಎಂದು ನೋಡಿದರೆ, ಬಹಳ ಸಲ ಒಂದು ಸೆಕೆಂಡೂ ಇಲ್ಲ. ನಾನೇ ಕೇಳಿ ನಾನೇ ಉತ್ತರ ಹೇಳುತ್ತಿದ್ದೆ.

ಈ ಕಾಯುವ ಸಮಯದ ಬಗ್ಗೆ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಕೆಲಸ ಮಾಡಿದ್ದಾರೆ. ಸಾಮಾನ್ಯವಾಗಿ ಶಿಕ್ಷಕರು ಕಾಯುವುದು ಒಂದು ಸೆಕೆಂಡಿನಷ್ಟೇ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ತಾವಾಗಿಯೇ ಮಾತಾಡುವ ಮಕ್ಕಳೂ ಹೆಚ್ಚುತ್ತಾರೆ ಎಂದು ಅವರು ತೋರಿಸಿದರು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ಒಮ್ಮೆ ತರಗತಿಯ ಮುಂದೆ ನಿಂತು ಕಾದು ನೋಡಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾದ ಹಾಗಾಗುತ್ತದೆ. ನಾನು ಮನಸ್ಸಿನಲ್ಲೇ "ಒಂದು ಮೈಸೂರು ಪಾಕು, ಎರಡು ಮೈಸೂರು ಪಾಕು, ಮೂರು ಮೈಸೂರು ಪಾಕು" ಎಂದು ಎಣಿಸುತ್ತೇನೆ. ನಗಬೇಡಿ, ಕೆಲಸ ಮಾಡುತ್ತದೆ.

ಹೆಜ್ಜೆ 4: ಇನ್ನೊಂದು ಜೊತೆ ಕಣ್ಣು

ಒಬ್ಬ ಸಹೋದ್ಯೋಗಿ ಸಾಕು, ಬೇರೆ ವಿಷಯ ಕಲಿಸುವವರಾದರೆ ಇನ್ನೂ ಒಳ್ಳೆಯದು. ನನ್ನ ಪಾಠ ನೋಡಲು ಬಂದದ್ದು ಕನ್ನಡ ಮೇಡಂ. ಬರುವ ಮೊದಲೇ ಅವರಿಗೆ ಒಂದೇ ಕೆಲಸ ಕೊಟ್ಟಿದ್ದೆ: ಯಾರ್‍ಯಾರು ಬಾಯಿ ಬಿಟ್ಟರು ಎಂದು ಬೆಂಚಿನ ನಕ್ಷೆಯ ಮೇಲೆ ಗುರುತು ಹಾಕಿ ಅಂತ. ಸುಮ್ನೆ "ಹೇಗಿತ್ತು ಮೇಡಂ?" ಎಂದು ಕೇಳಿದರೆ "ತುಂಬಾ ಚೆನ್ನಾಗಿತ್ತು ಮೇಡಂ, ಕಾಫಿಗೆ ಬನ್ನಿ" ಅನ್ನುತ್ತಾರೆ. ನಾವೂ ಅವರಿಗೆ ಹಾಗೇ ಹೇಳುತ್ತೇವೆ.

ಸರ್ಕಾರಿ ಶಾಲೆಯವರಿಗೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆ ಇದೆ. ಅಲ್ಲಿ ಸುತ್ತೋಲೆ ಓದುವುದರಲ್ಲೇ ಅರ್ಧ ದಿನ ಹೋಗುತ್ತದೆ ಎಂದು ಗೆಳತಿಯರು ಗೊಣಗುತ್ತಾರೆ. ಆದರೂ ಅವರಲ್ಲಿ ಒಬ್ಬಳು ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಹತ್ತಿರ ಮಾತಾಡಿ ಹದಿನೈದು ನಿಮಿಷ ಕೇಳಿ ತೆಗೆದುಕೊಂಡಳು. ಈಗ ಪ್ರತಿ ಸಭೆಯಲ್ಲಿ ಒಬ್ಬರು ತಮಗೆ ಕೈಕೊಟ್ಟ ಒಂದು ಪಾಠದ ಕಥೆ ಹೇಳುತ್ತಾರೆ. ಗೆದ್ದ ಪಾಠ ಬೇಡ ಅನ್ನುವುದು ಅವರ ಷರತ್ತು. ನನಗೆ ಅದು ಬಹಳ ಹಿಡಿಸಿತು.

ಹೆಜ್ಜೆ 5: ಈಗ ಕೋರ್ಸ್ ಆರಿಸಿ

ದಸರಾ ರಜೆ ಇದಕ್ಕೆ ಸರಿಯಾದ ಸಮಯ. ಕೈಯಲ್ಲಿ ಪ್ರಶ್ನೆ ಇದೆ. ಇನ್ನೊಂದನ್ನು ಕೇಳಿಕೊಳ್ಳಿ: ಐದು ವರ್ಷದ ಮೇಲೆ ನಾನು ಎಲ್ಲಿ ನಿಂತಿರಬೇಕು? ಬೋರ್ಡಿನ ಮುಂದೆಯೇ? ಎಚ್‌ಎಂ ಕೊಠಡಿಯಲ್ಲೇ? ಬಿ.ಎಡ್. ಕಾಲೇಜಿನಲ್ಲೇ? ದಾರಿಗಳು ಬೇರೆ ಬೇರೆ.

ತರಗತಿಯಲ್ಲೇ ಇರುತ್ತೇನೆ ಅನ್ನುವವರು ಉಚಿತವಾದದ್ದರಿಂದ ಶುರು ಮಾಡಿ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ದೀಕ್ಷಾ ಪೋರ್ಟಲ್‌ನಲ್ಲಿ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಕೋರ್ಸುಗಳಿವೆ. ಕೊನೆಯ ಪರೀಕ್ಷೆಯಲ್ಲಿ ಶೇ 70 ಬಂದರೆ ಸರ್ಟಿಫಿಕೇಟ್ ಸಿಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಅನ್ನುತ್ತದೆ. ಸಿಬಿಎಸ್‌ಇ ಶಾಲೆಗಳಲ್ಲಿ ಅದನ್ನು 25 ಮತ್ತು 25 ಎಂದು ಹಂಚಿದ್ದಾರೆ: ಅರ್ಧ ಮಂಡಳಿ ಅಥವಾ ಸರ್ಕಾರಿ ಸಂಸ್ಥೆಯ ತರಬೇತಿ, ಉಳಿದರ್ಧ ಶಾಲೆಯೊಳಗಿನದು. ಒಂದು ಎಚ್ಚರಿಕೆ. ವಿಡಿಯೊವನ್ನು ಮ್ಯೂಟ್ ಮಾಡಿ ಓಡಲು ಬಿಟ್ಟು ಉತ್ತರಪತ್ರಿಕೆ ತಿದ್ದುವ ವಿದ್ಯೆ ನಮಗೆಲ್ಲ ಗೊತ್ತು. ನಾನೂ ಮಾಡಿದ್ದೇನೆ. ಫೈಲಿನಲ್ಲಿದ್ದ ಆ 20ರಲ್ಲಿ ಬಹಳಷ್ಟು ಹಾಗೆ ಬಂದವೇ.

ಕೂತು ಕಲಿಯುವ ತರಬೇತಿಗೆ ಬೆಂಗಳೂರಿನವರಿಗೆ ಅನುಕೂಲ ಜಾಸ್ತಿ. ಜ್ಞಾನಭಾರತಿ ಆವರಣದಲ್ಲಿ 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಇಂಗ್ಲಿಷ್ ಕಲಿಸುವ ಸರ್ಕಾರಿ ಶಿಕ್ಷಕರನ್ನು ಇಲಾಖೆಯೇ ಇಲ್ಲಿಯ 30 ದಿನದ ತರಬೇತಿಗೆ ಕಳಿಸುತ್ತದೆ. ವಿಜ್ಞಾನ, ಗಣಿತದವರಿಗೆ ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆ ಆವರಣದಲ್ಲಿ ಶಿಕ್ಷಕರ ತರಬೇತಿ ನಡೆಸುತ್ತದೆ. ಅಲ್ಲೇ ಉಳಿದು ಪ್ರಯೋಗ ಮಾಡಿ ಕಲಿಯುವುದು. ಹೋಗಿ ಬಂದ ನಮ್ಮ ಶಾಲೆಯ ಫಿಸಿಕ್ಸ್ ಸರ್ ಒಂದು ತಿಂಗಳು ಬೇರೆ ಮಾತೇ ಆಡಲಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಶಿಕ್ಷಕರಿಗೆ ಕಾರ್ಯಕ್ರಮಗಳಿರುತ್ತವೆ. ಅಂತರರಾಷ್ಟ್ರೀಯ ಶಾಲೆಗಳಲ್ಲಿ ಇರುವವರು ಕೇಂಬ್ರಿಡ್ಜ್‌ನ ವೃತ್ತಿ ಅರ್ಹತೆಗಳನ್ನು ನೋಡಬಹುದು. ಅಲ್ಲಿ ಬರೀ ಪರೀಕ್ಷೆ ಇಲ್ಲ, ನಿಮ್ಮ ತರಗತಿಯ ಕೆಲಸವನ್ನೇ ಪೋರ್ಟ್‌ಫೋಲಿಯೊ (ಮಾದರಿ ಮತ್ತು ಬರಹಗಳ ಕಡತ) ಮಾಡಿ ಕೊಡಬೇಕು.

ಶಿಕ್ಷಕರಿಗೇ ಕಲಿಸಬೇಕು ಅನ್ನುವವರ ದಾರಿ ಎಂ.ಎಡ್. ಎರಡು ವರ್ಷದ ಕೋರ್ಸ್, ಬಿ.ಎಡ್.ನಲ್ಲಿ ಶೇ 50 ಇರಬೇಕು. ಕೆಲಸ ಬಿಡದೆ ಮಾಡುವುದು ಕಷ್ಟ. ಕೆಲಸದ ಜೊತೆಗೇ ಓದಬೇಕಾದರೆ ದೂರಶಿಕ್ಷಣದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ಎಂ.ಎ. ಎಜುಕೇಶನ್ ಇದೆ. ಯಾವ ಪದವಿಯವರೂ ಸೇರಬಹುದು. ಕನಿಷ್ಠ ಎರಡು ವರ್ಷ, ಎಳೆದರೆ ನಾಲ್ಕು. ಪ್ರವೇಶ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈ. ಇವೆರಡೂ ಒಂದೇ ಎಂದು ಹೇಳುವವರಿದ್ದಾರೆ. ಬಿ.ಎಡ್. ಕಾಲೇಜಿನ ಹುದ್ದೆಗೆ ಅರ್ಜಿ ಹಾಕುವಾಗ ಒಂದೇ ಅಲ್ಲ ಎಂದು ಗೊತ್ತಾಗುತ್ತದೆ, ಅಲ್ಲಿ ಬಹಳಷ್ಟು ಹುದ್ದೆಗೆ ಕೇಳುವುದು ಎಂ.ಎಡ್. ಪೂರ್ತಿ ಬಿಡುವು ಮಾಡಿಕೊಂಡು ಓದುವವರಿಗೆ ಸರ್ಜಾಪುರ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂ.ಎ. ಇದೆ. ವಿಜಯನಗರದಿಂದ ದಿನಾ ಹೋಗಿ ಬರುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ.

ಶಾಲೆ ನಡೆಸುವ ಆಸೆ ಇದ್ದರೆ ಇಗ್ನೊದ ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಸ್ನಾತಕೋತ್ತರ ಡಿಪ್ಲೊಮಾ ನೋಡಿ. ಒಂದು ವರ್ಷದ್ದು, ಮೂರು ವರ್ಷದವರೆಗೆ ಸಮಯ ಕೊಡುತ್ತಾರೆ.

ಇನ್ನು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಇದು ಉನ್ನತ ಅರ್ಹತೆ ಅಲ್ಲ, ಬಾಗಿಲಲ್ಲಿ ಕೇಳುವ ಟಿಕೆಟ್ಟು. ಆದರೆ ಈಗ ಒಳಗಿರುವವರನ್ನೂ ಕೇಳುತ್ತಿದೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಶಿಕ್ಷಣ ಹಕ್ಕು ಕಾಯ್ದೆಗಿಂತ ಮೊದಲೇ ಸೇರಿದ 1ರಿಂದ 8ನೇ ತರಗತಿಯ ಶಿಕ್ಷಕರಲ್ಲಿ ನಿವೃತ್ತಿಗೆ 5 ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. 5 ವರ್ಷಕ್ಕಿಂತ ಕಡಿಮೆ ಉಳಿದವರು ಹಾಗೇ ಮುಂದುವರಿಯಬಹುದು, ಬಡ್ತಿ ಬೇಕಾದರೆ ಮಾತ್ರ ಪಾಸಾಗಲೇಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದ್ದಾರೆ. ಈ ವಿಷಯದಲ್ಲಿ ಸ್ಟಾಫ್ ರೂಮಿನ ಮಾತು ನಂಬಬೇಡಿ, ಇಲಾಖೆಯ ಹೊಸ ಆದೇಶವನ್ನೇ ಓದಿ. ಪರೀಕ್ಷೆ 150 ಅಂಕದ್ದು, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ 90 ಬೇಕು. ಅದರಲ್ಲಿ 30 ಅಂಕ ಮಕ್ಕಳ ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ. ನೋಟ್‌ಬುಕ್ ಬರೆಯುವ ಅಭ್ಯಾಸ ಇರುವವರಿಗೆ ಆ ಭಾಗ ಕಂಠಪಾಠದ ಹಾಗೆ ಕಾಣುವುದಿಲ್ಲ. ಅಲ್ಲಿ ಕೇಳುವ ಮಗು ನಿಮ್ಮ ಮೂರನೇ ಬೆಂಚಿನಲ್ಲೇ ಕೂತಿರುತ್ತದೆ.

ಹೆಜ್ಜೆ 6: ದುಡ್ಡು ಕಟ್ಟುವ ಮೊದಲು

6,000 ಕಳೆದುಕೊಂಡವಳ ಮಾತು ಇದು. ಫೋನ್ ತೆಗೆದು ಈ ನಾಲ್ಕನ್ನು ಕೇಳಿ. ಸರ್ಟಿಫಿಕೇಟ್ ಕೊಡುವವರು ವಿಶ್ವವಿದ್ಯಾಲಯವೋ, ಸರ್ಕಾರಿ ಸಂಸ್ಥೆಯೋ, ಬರೀ ಕಂಪನಿಯೋ? ದೂರಶಿಕ್ಷಣದ ಪದವಿಯಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಹೆಸರಿದೆಯೇ? ನನ್ನ ಕೆಲಸವನ್ನು ಯಾರಾದರೂ ಓದಿ ತಿದ್ದುತ್ತಾರೆಯೇ, ಬರೀ ಆಯ್ಕೆ ಪ್ರಶ್ನೆಗಳೇ? ಹಿಂದಿನ ಬ್ಯಾಚಿನ ಇಬ್ಬರ ಜೊತೆ ನಾನು ಮಾತಾಡಬಹುದೇ?

ಮೂರನೆಯದು ಬಹಳ ಮುಖ್ಯ. ನೀವು ಬರೆದದ್ದನ್ನು ಒಬ್ಬರು ಓದಿ, ಇಲ್ಲಿ ಯಾಕೆ ಹಾಗೆ ಮಾಡಿದಿರಿ ಎಂದು ಕೇಳದ ಕೋರ್ಸ್ ಎಷ್ಟೇ ಅಗ್ಗವಾಗಿದ್ದರೂ ದುಬಾರಿಯೇ. "ಇವತ್ತು ರಾತ್ರಿ 12ರೊಳಗೆ ಕಟ್ಟಿದರೆ ಅರ್ಧ ಬೆಲೆ" ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ. ಕಲಿಯುವ ವಿಷಯ ರಾತ್ರಿ 12ಕ್ಕೆ ಕೆಟ್ಟುಹೋಗುವುದಿಲ್ಲ.

ಸರ್ಕಾರಿ ಶಿಕ್ಷಕರು ಅರ್ಜಿ ಹಾಕುವ ಮೊದಲೇ ಇಲಾಖೆಯ ಅನುಮತಿ ತೆಗೆದುಕೊಳ್ಳಬೇಕು. ಮುಗಿದ ಮೇಲೆ ಸೇವಾ ಪುಸ್ತಕದಲ್ಲಿ ನಮೂದಾಯಿತೇ ಎಂದು ಕಣ್ಣಾರೆ ನೋಡಿ. ಖಾಸಗಿ ಶಾಲೆಯವರು ಸಂಬಳ ಏರುತ್ತದೆಯೇ ಎಂದು ಮೊದಲೇ ಕೇಳಿಬಿಡಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ. ಸಂಕೋಚ ಬೇಡ.

ಹೆಜ್ಜೆ 7: ಸಮಯ ಹೊಂದಿಸುವುದು

ಇದಕ್ಕೆ ಯಾರ ಹತ್ತಿರವೂ ಮಂತ್ರವಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ, ನಡುನಡುವೆ ಗಣತಿ, ಚುನಾವಣೆ ಕೆಲಸ, ವಾರ್ಷಿಕೋತ್ಸವದ ಡಾನ್ಸ್ ಪ್ರಾಕ್ಟೀಸ್. ಹಾಗಾಗಿ ಅಸೈನ್‌ಮೆಂಟ್ ಕೊಡುವ ದಿನಾಂಕಗಳು ಫೆಬ್ರುವರಿ, ಮಾರ್ಚ್‌ನಲ್ಲಿ ಬೀಳದ ಕೋರ್ಸ್ ಆರಿಸಿ. ಬೆಳಿಗ್ಗೆ ಒಂದು ಗಂಟೆ ಬೇಗ ಏಳುತ್ತೇನೆ ಅನ್ನುವ ಯೋಜನೆ ನನ್ನ ಮನೆಯಲ್ಲಿ ನಾಲ್ಕು ದಿನ ನಡೆಯಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಲ್ಲೇ ಎರಡು ಗಂಟೆ ಕೂತು ಓದುವುದು ಮಾತ್ರ ಕೊನೆಯವರೆಗೂ ಉಳಿಯಿತು. ಮನೆಗೆ ಬಂದರೆ ಅದು ಮುಗಿದ ಹಾಗೆ. ಮನೆಯವರಿಗೆ ಓದುತ್ತಿದ್ದೇನೆ ಎಂದಷ್ಟೇ ಹೇಳಬೇಡಿ, ಶನಿವಾರ ನಾಲ್ಕರವರೆಗೆ ಇರುವುದಿಲ್ಲ ಎಂದು ಹೇಳಿ. ಗಡಿಯಾರದ ಭಾಷೆ ಎಲ್ಲರಿಗೂ ಬೇಗ ಅರ್ಥವಾಗುತ್ತದೆ.

ಹೆಜ್ಜೆ 8: ಪೋರ್ಟ್‌ಫೋಲಿಯೊ ಬರೆಯುವುದು

ಇಲ್ಲಿ ಅಮೆರಿಕದ ಒಂದು ಪದ್ಧತಿಯಿಂದ ನಾನು ಬಹಳ ಕದ್ದಿದ್ದೇನೆ. ಅಲ್ಲಿ ನ್ಯಾಷನಲ್ ಬೋರ್ಡ್ ಸರ್ಟಿಫಿಕೇಶನ್ ಎಂಬುದಿದೆ. ಆ ಮಂಡಳಿ ಶುರುವಾದದ್ದು 1987ರಲ್ಲಿ. ಕನಿಷ್ಠ ಮೂರು ವರ್ಷ ಪಾಠ ಮಾಡಿದ, ಅಲ್ಲಿಯ ಲೈಸೆನ್ಸ್ ಇರುವ ಶಿಕ್ಷಕರಿಗೆ ಅದು. ನಮಗೆ ನೇರವಾಗಿ ಸಿಗುವಂಥದ್ದಲ್ಲ. ನಾಲ್ಕು ಭಾಗಗಳಿವೆ. ಒಂದು ವಿಷಯಜ್ಞಾನದ ಪರೀಕ್ಷೆ. ಉಳಿದ ಮೂರು ತರಗತಿಯಿಂದಲೇ ಬರಬೇಕು: ಮಕ್ಕಳ ಕೆಲಸದ ಮಾದರಿಗಳು, 10ರಿಂದ 15 ನಿಮಿಷದ ಎರಡು ವಿಡಿಯೊ, ಮತ್ತು ಮಕ್ಕಳ ಬಗ್ಗೆ ಕಲೆಹಾಕಿದ ಮಾಹಿತಿಯನ್ನು ನೀವು ಹೇಗೆ ಬಳಸಿದಿರಿ ಅನ್ನುವ ಬರಹ. ಸಿಕ್ಕ ಮೇಲೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಅಲ್ಲಿಯ ಶಿಕ್ಷಕರಿಗೆ ಮೂರು ಬಗೆಯ ಬರವಣಿಗೆ ಬೇರೆ ಬೇರೆ ಮಾಡಲು ಕಲಿಸುತ್ತಾರೆ: ವಿವರಿಸುವುದು, ವಿಶ್ಲೇಷಿಸುವುದು, ಹಿಂತಿರುಗಿ ನೋಡುವುದು. ನಮ್ಮಲ್ಲಿ ಇವು ಮೂರೂ ಬಿಸಿಬೇಳೆಬಾತಿನ ಹಾಗೆ ಕಲಸಿಹೋಗುತ್ತವೆ. ಬಿಡಿಸಿ ತೋರಿಸುತ್ತೇನೆ, ಅದೇ ಹೂವಿನ ದಾರದ ಪಾಠ, ಈ ಸಲ ಇಡೀ ತರಗತಿಗೆ.

ವಿವರ: "38 ಮಕ್ಕಳಿಗೆ ಜೋಡಿಗೊಂದರಂತೆ ಒಂದು ಮೊಳದ ದಾರ ಕೊಟ್ಟೆ. ಆರಾಗಿ, ಆಮೇಲೆ ಎಂಟಾಗಿ ಮಡಚಿ ಗುರುತು ಹಾಕಲು ಹೇಳಿದೆ." ಓದುವವರು ತರಗತಿಯನ್ನು ಕಣ್ಣಿನಿಂದ ನೋಡಬೇಕು, ಅಷ್ಟೇ. ಇಲ್ಲಿ ಅಭಿಪ್ರಾಯ ಬೇಡ.

ವಿಶ್ಲೇಷಣೆ: "ದಾರ ಆರಿಸಿದ್ದು ಯಾಕೆಂದರೆ ಚಕ್ರದ ತುಂಡುಗಳಲ್ಲಿ ಮಕ್ಕಳು ಆಕಾರ ನೋಡುತ್ತಿದ್ದರು, ಅಳತೆ ನೋಡುತ್ತಿರಲಿಲ್ಲ. ದಾರದಲ್ಲಿ ಉದ್ದ ಒಂದೇ ಕಾಣುತ್ತದೆ. 19 ಜೋಡಿಗಳಲ್ಲಿ 14 ಜೋಡಿ ಮುಂದಿನ ದಿನ ಹೊಸ ಸಂಖ್ಯೆಗಳಿಗೂ ಸರಿಯಾಗಿ ಹೇಳಿದವು. ಉಳಿದ ಐದು ಜೋಡಿ ಅಂಶ ಒಂದೇ ಇದ್ದಾಗ ಸರಿ ಹೇಳಿ, ಅಂಶ ಬದಲಾದಾಗ ತಪ್ಪಿದವು." ಯಾಕೆ ಅನ್ನುವುದು ಇಲ್ಲಿ ಬರುತ್ತದೆ, ಸಾಕ್ಷಿಯ ಜೊತೆಗೆ.

ಹಿಂತಿರುಗಿ ನೋಟ: "ದಾರವನ್ನು ಎಂಟಾಗಿ ಮಡಚುವುದು ಸುಲಭ, ಆರಾಗಿ ಮಡಚುವುದು ಕಷ್ಟ. ಆ ತೊಡಕಿನಲ್ಲಿ ಹತ್ತು ನಿಮಿಷ ಹೋಯಿತು. ಮುಂದಿನ ಸಲ ನಾಲ್ಕು ಮತ್ತು ಎಂಟರಿಂದ ಶುರು ಮಾಡುತ್ತೇನೆ." ನಾನು ತುಂಬಾ ಕಲಿತೆ, ಸಂತೋಷವಾಯಿತು ಎಂಬ ಸಾಲಿಗೆ ಇಲ್ಲಿ ಜಾಗವಿಲ್ಲ. ಏನು ಬದಲಿಸುತ್ತೀರಿ, ಅದನ್ನು ಹೇಳಿ.

ಬರೆದು ಮುಗಿಸಿದ ಮೇಲೆ ಬೇರೆ ಬೇರೆ ಬಣ್ಣದ ಪೆನ್ಸಿಲ್‌ನಿಂದ ಮೂರನ್ನೂ ಗೆರೆ ಎಳೆದು ನೋಡಿ. ನನ್ನ ಮೊದಲ ಕರಡಿನಲ್ಲಿ ಮುಕ್ಕಾಲು ಪಾಲು ವಿವರವೇ ಇತ್ತು. ಎಲ್ಲರದೂ ಹಾಗೇ ಇರುತ್ತದೆ. ವಿವರ ಬರೆಯುವುದು ಹಾಯಾಗಿರುತ್ತದೆ, ಅದಕ್ಕೆ.

ಭಾಷೆಯ ಬಗ್ಗೆ ಒಂದು ಮಾತು. ಪೋರ್ಟ್‌ಫೋಲಿಯೊ ಇಂಗ್ಲಿಷಿನಲ್ಲಿ ಕೊಡಬೇಕಾಗಿ ಬಂದರೂ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ನೇರವಾಗಿ ಇಂಗ್ಲಿಷಿನಲ್ಲಿ ಬರೆದಾಗ ನಾನು ತರಬೇತಿ ಕೈಪಿಡಿಯ ಮಾತುಗಳನ್ನೇ ಉದುರಿಸುತ್ತಿದ್ದೆ. ಕನ್ನಡದಲ್ಲಿ ಬರೆದಾಗ ಆ ಹುಡುಗ ಬಂದ.

ಹೆಜ್ಜೆ 9: ಫಲಿತಾಂಶ ಬಂದ ಮೇಲೆ

ಸರ್ಟಿಫಿಕೇಟ್ ಸಿಗದೇ ಹೋದರೆ ಪರೀಕ್ಷಕರ ಟಿಪ್ಪಣಿ ಕೇಳಿ ತೆಗೆದುಕೊಳ್ಳಿ. ನಾನು ಆರಿಸಿದ ಕೋರ್ಸಿಗೆ ಕಳಿಸಿದ ಮೊದಲ ಪೋರ್ಟ್‌ಫೋಲಿಯೊ ವಾಪಸ್ ಬಂದಿತ್ತು. ನೀವು ಏನು ಮಾಡಿದಿರಿ ಎಂದು ಗೊತ್ತಾಯಿತು, ಮಕ್ಕಳು ಏನು ಕಲಿತರು ಎಂದು ಗೊತ್ತಾಗಲಿಲ್ಲ ಎಂದು ಬರೆದಿದ್ದರು. ಎರಡು ದಿನ ಸಿಟ್ಟು ಬಂತು. ಮೂರನೇ ದಿನ ನೋಟ್‌ಬುಕ್ ತೆಗೆದು ನೋಡಿದರೆ ಉತ್ತರ ಅಲ್ಲೇ ಇತ್ತು, ಪೋರ್ಟ್‌ಫೋಲಿಯೊಗೆ ಹಾಕಿರಲಿಲ್ಲ ಅಷ್ಟೇ. 23 ಪುಟವನ್ನು 14 ಮಾಡಿ ಮತ್ತೆ ಕಳಿಸಿದೆ.

ಸಿಕ್ಕರೆ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಕೋರ್ಸಿನ ಹೆಸರು, ದಿನಾಂಕ, ಎಷ್ಟು ಗಂಟೆ, ಕೊಟ್ಟವರು ಯಾರು ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ವರ್ಷದ ಕೊನೆಯಲ್ಲಿ ಆಫೀಸಿನವರು 50 ಗಂಟೆಯ ಲೆಕ್ಕ ಕೇಳಿದಾಗ ಬೀರು ತಡಕಾಡುವುದು ತಪ್ಪುತ್ತದೆ. ನಾನು ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದ್ದೇನೆ: ತರಗತಿಯಲ್ಲಿ ಏನು ಬದಲಾಯಿತು. ನೀಲಿ ಫೈಲಿನ 20 ಸಾಲುಗಳ ಮುಂದೆ ಆ ಕಾಲಂ ಖಾಲಿ ಇದೆ, ಹಾಗೇ ಬಿಟ್ಟಿದ್ದೇನೆ. ಹೊಸ ಸಾಲಿನ ಮುಂದೆ "ಮೊಳ, ಮೂರು ಸೆಕೆಂಡ್, ಕಿಟಕಿ ಸಾಲು" ಎಂದು ಬರೆದಿದ್ದೇನೆ.